ಕಾಳಗದ ನಾಯಿಯ ಕಾಯಿಲೆ

ಗೋದಾಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದಿಗೆ ಪಶುವೈದ್ಯೆ ತಟ್ಟನೆ ತಿರುಗಿದಳು. ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಹೇಳಿ ಚಿಲಕ ಹಾಕಿದ ಈ ಯುವಕನೇ ಅವಳನ್ನು ಕರೆತಂದಿದ್ದ. ಇಲ್ಲಿ ಹಸುವಿರಲಿಲ್ಲ. ನಡುವೆ ಹಲಗೆ ಹೊಡೆದು ಮಾಡಿದ ಅಖಾಡ, ಹಲಗೆಯ ಮೇಲೆ ತೊಳೆದರೂ ಹೋಗದ ಕಂದು ಕಲೆ. ಮೂಲೆಯಲ್ಲಿ ಸರಪಳಿ ಬಿಗಿದ ಕಪ್ಪು ನಾಯಿ.

"ಫೋನ್ ಕೊಡಿ," ಎಂದ. ಕೊಟ್ಟಳು.

"ಸಂಜೆ ಇದನ್ನ ಕಾಳಗಕ್ಕೆ ಬಿಡ್ತಾರೆ. ಒಂದು ಸಾಯೋವರೆಗೂ ಬಿಡಿಸಲ್ಲ. ತಾಕತ್ತಿದೆಯಾ ಇಲ್ವಾ, ನಮ್ಮಣ್ಣನ ಮುಂದೆ ನೀವೇ ಹೇಳ್ಬೇಕು."

ಅವಳು ಮಂಡಿಯೂರಿದಳು. ನಾಯಿಯ ಒಂದು ಕಿವಿ ಅರ್ಧವೇ ಉಳಿದಿತ್ತು. ಅದು ಗುರ್ರೆನ್ನಲಿಲ್ಲ, ಅವಳ ಕೈಯನ್ನು ನೆಕ್ಕಿತು. ಸ್ಟೆತಾಸ್ಕೋಪಿನಲ್ಲಿ ಗುಂಡಿಗೆ ಗಡಿಯಾರದಂತೆ ಹೊಡೆದುಕೊಳ್ಳುತ್ತಿತ್ತು. ನಿಜ ಹೇಳಿದರೆ ಸಂಜೆಗೆ ಇದೋ ಎದುರಿನದೋ ಹೆಣ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ತಾನು?

"ಹೃದಯ ಕೆಟ್ಟಿದೆ," ಎಂದಳು. "ನಾಲ್ಕು ಹೆಜ್ಜೆ ಓಡಿದ್ರೆ ಕುಸಿದು ಬೀಳುತ್ತೆ."

ಅವನು ಅವಳ ಮುಖವನ್ನೇ ದಿಟ್ಟಿಸಿದ. "ಇನ್ನೊಂದ್ಸಲ ಹೇಳಿ."

ಹೇಳಿದಳು.

"ನಾಲಿಗೆ ತೊದಲ್ತಿದೆ ನಿಮ್ಗೆ. ನಮ್ಮಣ್ಣ ಅಂಥದ್ದನ್ನ ಥಟ್ಟಂತ ಹಿಡೀತಾನೆ. ನೀರು ಕುಡಿದು ಮತ್ತೆ ಹೇಳಿ."

ಇವನಿಗೆ ಗೊತ್ತಾಗಿಹೋಗಿದೆ. ಅವಳು ಒಂದು ಗುಟುಕು ನೀರು ಕುಡಿದಳು. ಆದರೂ ಮಾತು ಬದಲಿಸಲಿಲ್ಲ.

ಒಳಕೋಣೆಯಲ್ಲಿ ಅಣ್ಣ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಅವಳು ಅದನ್ನೇ ಹೇಳಿದಾಗ ತಲೆ ಎತ್ತಿದ.

"ಹೋದ ವಾರದ ಡಾಕ್ಟ್ರು ಕಲ್ಲುಗುಂಡು ಅಂದಿದ್ರಲ್ಲ?"

"ಆಮೇಲೆ ಶುರುವಾಗಿರ್ಬೇಕು," ಎಂದಳು. ಧ್ವನಿ ತನ್ನದೇ ಎಂದು ಅವಳಿಗೇ ಅನ್ನಿಸಲಿಲ್ಲ. "ಅಖಾಡದಲ್ಲಿ ಬಿದ್ರೆ ನಿಮ್ಮ ಮರ್ಯಾದೆಯೇ ಹೋಗೋದು."

ಕತ್ತರಿ ಆಡುವುದು ನಿಂತಿತು. ಅವನು ತಮ್ಮನಿಗೆ ಹೇಳಿದ: "ದಂಡಪಿಂಡ ಸಾಕೋಕಾಗಲ್ಲ. ಕೊಂದು ಎಲ್ಲಾದ್ರೂ ಬಿಸಾಕು. ಇವರನ್ನೂ ಬಿಟ್ಟು ಬಾ."

ಉಳಿಸಲು ಹೋಗಿ ತಾನೇ ಅದನ್ನು ಕೊಂದಂತಾಗಿತ್ತು.

ವ್ಯಾನಿನ ಹಿಂದೆ ನಾಯಿ, ಮುಂದೆ ಅವರಿಬ್ಬರು. ಪೇಟೆಯ ಕಡೆ ತಿರುಗಬೇಕಾದ ವ್ಯಾನು ಎಡಕ್ಕೆ ಹೊರಳಿ, ಪಾಳುಬಿದ್ದ ಕಾರ್ಖಾನೆಯ ಹಿಂದೆ ನಿಂತಿತು. ಅವನು ಸೀಟಿನ ಕೆಳಗಿಂದ ಹಗ್ಗ ಎಳೆದ.

"ಇಳೀರಿ."

ಬಾಗಿಲು ಹಿಡಿದುಕೊಂಡೇ ಇಳಿದಳು. "ದಮ್ಮಯ್ಯ," ಎಂದಳು, "ಅದಕ್ಕೆ ಏನೂ ಮಾಡಬೇಡಿ. ನಾನು..." ನಿಜ ಗಂಟಲಿನವರೆಗೆ ಬಂತು.

"ಹೇಳ್ಬೇಡಿ," ಎಂದು ಅವನು ತಡೆದ. ನಾಯಿಯ ಸರಪಳಿ ಬಿಚ್ಚಿದ. ಕೊರಳಿಗೆ ಹಗ್ಗವನ್ನು ಸಡಿಲವಾಗಿ ಕಟ್ಟಿ, ಇನ್ನೊಂದು ತುದಿಯನ್ನು ಫೋನಿನ ಜೊತೆ ಅವಳ ಕೈಗಿಟ್ಟ. ನಾಯಿಯ ಹಣೆಗೆ ಹಣೆ ಒತ್ತಿ ಒಂದು ಗಳಿಗೆ ಹಾಗೇ ಕೂತ. ಎದ್ದಾಗ ಕಣ್ಣುಗಳು ಕೆಂಪಾಗಿದ್ದವು.

"ಬಾಯಿಬಿಟ್ಟು ಕೇಳೋ ಧೈರ್ಯ ನನಗಿರ್ಲಿಲ್ಲ ಅಕ್ಕ. ಸುಳ್ಳು ಹೇಳೋ ಡಾಕ್ಟ್ರನ್ನೇ ಹುಡುಕ್ತಾ ಇದ್ದೆ."