ಅವ್ವನ ಕೂದಲಿನ ಲೋಬಾನ

ಅಪ್ಪ ತೀರಿಕೊಂಡ ಮೇಲೆ ಇಂದು ಮೊದಲ ಸಲ ಲೋಬಾನ ಹಾಕಿದ್ದೇನೆ. ಕಿಟಕಿ ತೆರೆಯಲು ಮನಸ್ಸಾಗುತ್ತಿಲ್ಲ.

ನಾನು ಚಿಕ್ಕವಳಿದ್ದಾಗ ಧನಕವಡಿಯ ಮನೆಯಲ್ಲಿ ಅವ್ವ ಪ್ರತಿ ಶುಕ್ರವಾರ ತಲೆ ತೊಳೆದುಕೊಂಡು ಕೂದಲಿಗೆ ಲೋಬಾನದ ಹೊಗೆ ಹಿಡಿಯುತ್ತಿದ್ದಳು. ಅವಳು ತೀರಿಕೊಂಡು ಒಂದು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಅಪ್ಪ ನನ್ನ ತಲೆ ತೊಳೆದು ಅವಳ ಮಣ್ಣಿನ ಬಟ್ಟಲಲ್ಲೇ ಕೆಂಡ ಹಾಕಿ ಲೋಬಾನ ಉದುರಿಸಿದ. ಹೊಗೆ ಏಳುತ್ತಲೇ ನಾನು ಓಡಿಹೋಗಿ ಕಿಟಕಿ ಮುಚ್ಚಿದೆ.

"ಯಾಕವ್ವಾ? ಕಣ್ಣು ಉರೀತಾವ" ಎಂದ ಅಪ್ಪ.

"ಅವ್ವನ ವಾಸನಿ ಹೊರಗ ಹೋಗ್ತದ."

ಹವಾಮಾನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಕೆಂಡ ತೋರಿಸಿದ. "ಇದು ಭೂಮಿಯ ನಡುಪಟ್ಟಿ ಅಂತ ತಿಳಕೋ. ಅಲ್ಲಿ ಬಿಸಿಲು ಭಾಳ. ಗಾಳಿ ಸಮುದ್ರದ ಆವಿ ಹೊತ್ತುಕೊಂಡು ಮ್ಯಾಲ ಏರತದ. ಆವಿ ಮೋಡ ಆಗೂಮುಂದ ತನ್ನ ಕಾವು ಬಿಡ್ತದ, ಅದರಿಂದ ಗಾಳಿ ಇನ್ನೂ ಮ್ಯಾಲ ಹೋಗ್ತದ. ಆಮ್ಯಾಲ ದೂರ ಹೋಗಿ ಕೆಳಗ ಇಳದು, ನೆಲಾ ಹಿಡದು ತಿರುಗಿ ಬರ್ತದ."

"ಹೋದ ಗಾಳೀನ ಬರ್ತದೇನು, ಅಪ್ಪಾ?"

ಅವನು ನನ್ನ ಒದ್ದೆ ಕೂದಲಿನ ಸಿಕ್ಕು ಬಿಡಿಸುತ್ತಿದ್ದ ಕೈ ನಿಲ್ಲಿಸಿದ. "ಬರ್ತದ. ಭಾಳ ದಿನಾ ಹಿಡೀತದ" ಎಂದ.

ಎದ್ದು ಕಿಟಕಿಯ ಚಿಲಕದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಆಮೇಲೆ ತೆರೆಯದೆ ಹಿಂತಿರುಗಿ ಬಂದು, ಕಣ್ಣು ಒರೆಸಿಕೊಳ್ಳುತ್ತ ನನ್ನ ಪಕ್ಕದಲ್ಲಿ ಕುಳಿತ.