ಹಿರಿಯರು ಏಳುವ ತನಕ

ಊರಲ್ಲಿ ಒಂದು ಕುಲದವರನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದರು. ಓಡಿಬಂದವರನ್ನೆಲ್ಲ ಹೋಟೆಲಿನ ಮಾಲೀಕ ಗಿರಾಕಿಗಳೆಂದು ಹೇಳಿ ಉಳಿಸಿಕೊಂಡಿದ್ದ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ಸೇನಾಧಿಕಾರಿ ಒಳಗೆ ಬಂದ.

"ಇವರೆಲ್ಲ ಯಾರು?"

"ವ್ಯಾಪಾರಕ್ಕೆ ಬಂದೋರು ಸಾರ್. ರಸ್ತೆ ಬಂದ್ ಆಗಿ ಇಲ್ಲೇ ಉಳ್ಕೊಂಡಿದಾರೆ."

"ಹಾಗಾದ್ರೆ ನಂಗೂ ಬಡಿಸು, ನೋಡೇಬಿಡೋಣ. ಆ ಜನ ಹೆಸರು ಮುಚ್ಚಿಡ್ತಾರೆ, ಮಾತು ಬದಲಾಯಿಸ್ತಾರೆ. ಆದ್ರೆ ಹಿರಿಯರು ಏಳೋ ತನಕ ಊಟದಿಂದ ಏಳಲ್ಲ. ಎಂಜಲು ಕೈಲೇ ತಲೆ ತಗ್ಗಿಸಿ ಕಾಯ್ತಾರೆ. ಸತ್ರೂ ಬಿಡದ ಅಭ್ಯಾಸ ಅದು."

ಮಾಲೀಕ ಅಧಿಕಾರಿಗೂ ತಟ್ಟೆ ಇಟ್ಟು ಬಡಿಸಿದ. ಓಡಿಬಂದವರಿಗೆ ಬಂದ ದಿನದಿಂದ ಅವನು ಕಲಿಸಿದ್ದು ಅದೊಂದನ್ನೇ: ಉಂಡ ಕೂಡಲೇ ಎದ್ದುಬಿಡಿ, ಯಾರ ಮುಖವನ್ನೂ ನೋಡಬೇಡಿ.

ಮೂಲೆಯಲ್ಲಿ ಎಲ್ಲರಿಗಿಂತ ಹಿರಿಯನಾದ ಬೊಚ್ಚುಬಾಯಿಯ ಮುದುಕ ಅನ್ನವನ್ನು ನಿಧಾನವಾಗಿ ನುರಿಸುತ್ತಿದ್ದ. ಒಬ್ಬಳು ಉಂಡು ಎದ್ದಳು. ಅವಳ ಗಂಡ ಎದ್ದ. ಮುದುಕನ ಸ್ವಂತ ಮಗಳೂ ಅವನತ್ತ ತಿರುಗದೆ ಎದ್ದು ಹೋಗಿ ಕೈ ತೊಳೆದಳು. ಮುದುಕನೊಬ್ಬನನ್ನು ಬಿಟ್ಟು ಒಬ್ಬೊಬ್ಬರಾಗಿ ಎಲ್ಲರೂ ಹೊರಟುಹೋದರು.

ಮಾಲೀಕ ಉಸಿರು ಬಿಟ್ಟು ಅಧಿಕಾರಿಯತ್ತ ನೋಡಿದ. ಅವನ ತಟ್ಟೆ ಬರಿದಾಗಿ ಎಷ್ಟೋ ಹೊತ್ತಾಗಿತ್ತು. ಎಂಜಲು ಕೈ ಒಣಗುತ್ತಿದ್ದರೂ ಅವನು ತಲೆ ತಗ್ಗಿಸಿ, ಮುದುಕ ಏಳುವುದನ್ನು ಕಾಯುತ್ತ ಕೂತಿದ್ದ.