ಮಣ್ಣಿನಾಳು

ವಿಚಿತ್ರ ಜೀವಿಗಳನ್ನು ಹಿಡಿದು ಸಾಕುವ ವಿಡಿಯೋ ಗೇಮಿನ ಹೊಸ ಭಾಗಕ್ಕೆ ಮಾನಿನಿ ಆನೆಯೆತ್ತರದ ಮಣ್ಣಿನ ಬೊಂಬೆಯೊಂದನ್ನು ರೂಪಿಸಿದ್ದಳು. ಹಣೆಗೆ ಮುದ್ರೆ ಒತ್ತಿದರೆ ಅದು ಎದ್ದು ನಿಲ್ಲುತ್ತಿತ್ತು. ಒತ್ತಿದವರು ಹೇಳಿದ್ದನ್ನೆಲ್ಲ ಮಾಡುತ್ತಿತ್ತು. ಕಂಪನಿಯ ಮಾಲೀಕರು ನೋಡುವ ಮೊದಲೇ ಅದನ್ನು ಅಳಿಸಬೇಕೆಂದು ಮ್ಯಾನೇಜರ್ ಹಟ ಹಿಡಿದ.

“ಸ್ವಂತ ಬುದ್ಧಿ ಇಲ್ಲ, ಮಾನ ಇಲ್ಲ. ತಲೆ ಮುಟ್ಟಿದವರ ಕಾಲಿಗೆ ಬೀಳುತ್ತೆ. ಇಂಥದ್ದನ್ನ ಯಾವ ಮಗು ಸಾಕುತ್ತಮ್ಮಾ?”

“ಇದು ಹೋದರೆ ಈ ಗೇಮಿನಲ್ಲಿ ನನ್ನದು ಅಂತ ಒಂದೂ ಉಳಿಯಲ್ಲ ಸರ್. ಒಮ್ಮೆ ಅವರಿಗೆ ತೋರಿಸೋಣ.”

“ಏನಂತ ತೋರಿಸಲಿ? ಹೂಂಗುಟ್ಟೋ ಮಣ್ಣಿನ ಮುದ್ದೆ ಅಂತಲಾ? ನಿನ್ನ ಜೊತೆ ನನಗೂ ಉಗೀತಾರೆ. ಅಳಿಸು.”

ಅಷ್ಟರಲ್ಲಿ ಮಾಲೀಕರೇ ಒಳಗೆ ಬಂದರು. ಪರದೆಯ ಮೇಲೆ ಬೊಂಬೆ ತನ್ನ ಒಡೆಯನ ಚಪ್ಪಲಿಗಳನ್ನು ಎದೆಗವಚಿಕೊಂಡು ಅವನ ಹಿಂದೆ ಹಿಂದೆಯೇ ನಡೆಯುತ್ತಿತ್ತು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಇದು ಇರಲೇಬೇಕು. ಎಲ್ಲೋ ನೋಡಿದ ಹಾಗೇ ಇದೆಯಲ್ಲ, ಎಷ್ಟು ಸಹಜವಾಗಿದೆ. ಇದಕ್ಕೆ ಸ್ಫೂರ್ತಿ ಯಾರು?”

ಮಾನಿನಿ ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಮುಂದೆ ಬಂದು ಸೊಂಟ ಬಗ್ಗಿಸಿ ಕೈಮುಗಿದ.

“ನಾನೇ ಸರ್.”